ಉಪಚಾರ ಮಾಡುವವರ ಕುತ್ತಿಗೆ ನೋವನ್ನು ಕೇಳುವವರಾರು?

ಮರಾಠಿಯ ‘ಮಾನ್’ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಏಕೆಂದರೆ ನೀವು ಇಲ್ಲಿಯೇ ಹುಟ್ಟಿ, ಇಲ್ಲಿಯ ಶಾಲೆಯಲ್ಲೇ ಕಲಿತವರು. ಒಂದು ಅರ್ಥ ಮರ್ಯಾದೆ, ಇನ್ನೊಂದು ಕುತ್ತಿಗೆ. ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆಯೊಂದೇ. ಊರಿನಿಂದ ಬಂದ ನಿಮ್ಮ ಅಜ್ಜಿಯ ಹತ್ತಿರ ಪಕ್ಕದ ಮನೆಯ ಬಾಯಿ “ಮಾಝೀ ಮಾನ್ ದುಖತೇ” ಎಂದರೆ, ಪಾಪ, ಯಾರು ಈಕೆಯ ಮಾನಕ್ಕೆ ಕೈ ಹಾಕಿದರೋ ಎಂದು ಅಜ್ಜಿ ಗಾಬರಿಯಾದಾರು! ಅಜ್ಜಿಯ ಬಾಯಲ್ಲಿ ಅದಕ್ಕೆ ಬೇರೆಯೇ ಮಾತುಗಳಿವೆ: ಕುತ್ತಿಗೆ, ಕತ್ತು, ಕೊರಳು, ಗೋಣು. ಹಿಂಭಾಗಕ್ಕೆ ಹೆಡಕು. ಇಂಗ್ಲಿಷಿನವರಂತೂ ‘ಪೇನ್ ಇನ್ ದ ನೆಕ್’ ಎಂಬುದನ್ನು ಕಾಟ ಕೊಡುವ ಮನುಷ್ಯನಿಗೆ ಬೈಗುಳವನ್ನಾಗಿ ಮಾಡಿಕೊಂಡಿದ್ದಾರೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಆ ಬೈಗುಳದ ಬಗ್ಗೆ ಒಂದೇ ತಕರಾರು. ನಿಜವಾಗಿ ಕುತ್ತಿಗೆ ನೋಯುವವರನ್ನು ಅದು ಹಗುರ ಮಾಡಿಬಿಡುತ್ತದೆ.

ಸಂಘದ ಈ ಸಂಚಿಕೆಗೆ ಯುವಕ ಯುವತಿಯರಿಗಾಗಿ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನಾನು ಈ ವಿಷಯವನ್ನೇ ಆರಿಸಿಕೊಳ್ಳಲು ಕಾರಣವಿದೆ. ನಿಮ್ಮಲ್ಲಿ ಎಷ್ಟೋ ಮಂದಿ ಈಗ ಆಸ್ಪತ್ರೆಯ ದಾರಿ ಹಿಡಿದಿದ್ದೀರಿ. ನಿಮ್ಮ ಅಪ್ಪಂದಿರ ಕಾಲದಲ್ಲಿ ನಾವು ಕನ್ನಡದವರು ಇಲ್ಲಿಗೆ ಬಂದದ್ದು ಓಝರ್‌ನ ಎಚ್.ಎ.ಎಲ್.ಗೆ, ಸಾತಪೂರ, ಅಂಬಡ, ವಾಳೂಜಿನ ಕಾರಖಾನೆಗಳಿಗೆ, ಬ್ಯಾಂಕುಗಳಿಗೆ, ಉಡುಪಿ ಹೋಟೆಲುಗಳಿಗೆ. ನೀವೋ, ಬಿ.ಡಿ.ಎಸ್., ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಿಷಿಯನ್ ಎನ್ನುತ್ತೀರಿ. ಸಂತೋಷ. ಮಹಾರಾಷ್ಟ್ರದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾದದ್ದೇ ನಮ್ಮ ನಾಸಿಕದಲ್ಲಿ. ಛತ್ರಪತಿ ಸಂಭಾಜಿನಗರದಲ್ಲಿ (2023ರ ತನಕ ಅದು ಔರಂಗಾಬಾದ್) ಇಡೀ ಮರಾಠವಾಡಾ ನೆಚ್ಚಿಕೊಂಡ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಜನ ಅದನ್ನು ‘ಘಾಟಿ’ ಎಂದೇ ಕರೆಯುತ್ತಾರೆ. 1956ರಲ್ಲಿ ಶುರುವಾದ ಅಲ್ಲಿ ಸಾವಿರಕ್ಕೂ ಹೆಚ್ಚು ಹಾಸಿಗೆಗಳು. ಹೀಗೆ ಎರಡೂ ಊರುಗಳಲ್ಲಿ ಬಿಳಿ ಕೋಟು ತೊಡುವವರಿಗೆ ಬರವಿಲ್ಲ. ಆ ಕೋಟಿನ ಕಾಲರಿನ ಕೆಳಗೆ ಏನಾಗುತ್ತಿದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಮ್ಮ ಹಳದಿ-ಕುಂಕುಮಕ್ಕೆ ಬರುವ ಬೀದರ ಕಡೆಯ ಅಕ್ಕ ಒಬ್ಬರಿದ್ದಾರೆ. 31 ವರ್ಷ ಸಿಸ್ಟರ್ ಆಗಿ ದುಡಿದು ನಿವೃತ್ತರಾದವರು. (1956ರ ತನಕ ಬೀದರ, ಕಲಬುರಗಿ, ಔರಂಗಾಬಾದ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹೀಗಾಗಿ ಆ ಕಡೆಯವರಿಗೆ ಇಲ್ಲಿ ನಂಟು ಹಳೆಯದು.) ಅವರ ಹೆಸರು, ಆಸ್ಪತ್ರೆಯ ಹೆಸರು ಎರಡೂ ಬೇಡವೆಂದಿದ್ದಾರೆ, ಬಿಡೋಣ. ಯಾರಾದರೂ ಹಿಂದಿನಿಂದ ಕರೆದರೆ ಅವರು ತಲೆ ಮಾತ್ರ ತಿರುಗಿಸುವುದಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಾರೆ. ಮೊದಲು ನೋಡಿದವರಿಗೆ ಅದು ಗತ್ತಿನಂತೆ ಕಾಣುತ್ತದೆ. ಎಡಗೈಯ ಬೆರಳುಗಳಲ್ಲಿ ಸದಾ ಜುಮುಜುಮು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.

“ಅಕ್ಕಾರ, ಇದು ಯಾವಾಗಿನಿಂದ?” ಎಂದು ನಾನು ಕೇಳಿದೆ.

“ಏನ್ ಹೇಳ್ಲಿ ತಾಯಿ,” ಎಂದರು. “ಪೇಶಂಟಿಗೆ ಎಬ್ಬಿಸಿ ಕೂಡಸೋ ಮುಂದ ನಾವು ಏನಂತೀವಿ ಗೊತ್ತದನು? ‘ಆಜೋಬಾ, ಮಾಝ್ಯಾ ಮಾನೇಲಾ ಧರಾ’ ಅಂತೀವಿ. ನನ್ನ ಕುತ್ತಿಗಿ ಹಿಡೀರಿ ಅಂತ ನಾವೇ ಹೇಳ್ತೀವಿ. ಅವರು ಹಿಡೀತಾರ, ಜೋತು ಬೀಳ್ತಾರ. ಮೂವತ್ತೊಂದು ವರ್ಷದಾಗ ಎಷ್ಟು ಮಂದಿ ಜೋತು ಬಿದ್ದಾರೋ ಆ ಬಸವಣ್ಣಗೇ ಗೊತ್ತು.”

ಈ ಮಾತನ್ನು ಕೇಳಿದ ಮೇಲೆ ನಾನು ಆಸ್ಪತ್ರೆಗೆ ಹೋದಾಗಲೆಲ್ಲ ಗಮನಿಸುತ್ತಿದ್ದೇನೆ. ನಿಜ, ಮಲಗಿದ ರೋಗಿ ಏಳುವಾಗ ಮೊದಲು ಕೈ ಚಾಚುವುದು ಸಿಸ್ಟರ್ ಕುತ್ತಿಗೆಗೇ. ಹೀಗೆ ಎತ್ತಬಾರದೆಂದು ಈಗಿನ ಶುಶ್ರೂಷಾ ಪಾಠಗಳು ಹೇಳುತ್ತವೆ. ಆದರೆ ಪಾಠದ ಪುಸ್ತಕದಲ್ಲಿ ಹಾಸಿಗೆಗೆ ಇಬ್ಬರು ಸಿಸ್ಟರ್ ನಿಂತಿರುತ್ತಾರೆ. ವಾರ್ಡಿನಲ್ಲಿ ರಾತ್ರಿ ಪಾಳಿಗೆ ಒಬ್ಬಳೇ ನಿಂತಿರುತ್ತಾಳೆ.

ಇನ್ನು ಈ ಕುತ್ತಿಗೆ ಎಂಬ ಯಂತ್ರವನ್ನು ಸ್ವಲ್ಪ ನೋಡೋಣ. ಜೀವಶಾಸ್ತ್ರ ಓದಿದವರು ಈ ಭಾಗವನ್ನು ಬೇಗ ಓದಿ ಮುಂದೆ ಹೋಗಬಹುದು. ಕುತ್ತಿಗೆಯಲ್ಲಿ 7 ಮೂಳೆಗಳು. ಜಿರಾಫೆಗೂ ಅಷ್ಟೇ ಎಂದರೆ ನಂಬುತ್ತೀರಾ? ಅದರ ಒಂದೊಂದು ಮೂಳೆ ಉದ್ದ, ಅಷ್ಟೇ ವ್ಯತ್ಯಾಸ. ಮೂಳೆಗಳ ನಡುವೆ ಮೆತ್ತೆಯಂಥ ಡಿಸ್ಕುಗಳಿವೆ. ಪಕ್ಕದ ಸಂದುಗಳಿಂದ ನರಗಳು ಹೊರಟು ಹೆಗಲು, ತೋಳು, ಬೆರಳ ತುದಿಯವರೆಗೆ ಹೋಗುತ್ತವೆ. ಆದ್ದರಿಂದಲೇ ಕುತ್ತಿಗೆಯಲ್ಲಿ ಕೆಟ್ಟದ್ದು ಕೈಯಲ್ಲಿ ಜುಮುಗುಡುತ್ತದೆ. ಮೇಲೆ ಕುಳಿತ ತಲೆಯ ತೂಕ ನಾಲ್ಕೂವರೆಯಿಂದ ಐದು ಕಿಲೋ, ಅಂದರೆ ಒಂದು ಹದವಾದ ಕಲ್ಲಂಗಡಿ ಹಣ್ಣಿನಷ್ಟು. ನೆಟ್ಟಗೆ ಕುಳಿತಾಗ ಮೂಳೆಗಳೇ ಆ ಭಾರವನ್ನು ಹೊರುತ್ತವೆ. ತಲೆ ಮುಂದಕ್ಕೆ ಬಾಗಿತೋ, ಹೆಡಕಿನ ಸ್ನಾಯುಗಳು ಅದನ್ನು ಹಿಂದಿನಿಂದ ಹಗ್ಗ ಹಿಡಿದಂತೆ ಎಳೆದು ಹಿಡಿಯಬೇಕು. ಕೆನ್ನೆತ್ ಹಂಸರಾಜ್ ಎಂಬ ನ್ಯೂಯಾರ್ಕಿನ ಶಸ್ತ್ರವೈದ್ಯರು 2014ರಲ್ಲಿ ಮಾಡಿದ ಲೆಕ್ಕದಂತೆ, ತಲೆ 60 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲೆ ಬೀಳುವ ಒತ್ತಡ ಸುಮಾರು 27 ಕಿಲೋಗೆ ಸಮ. ಇದು ಕಾಗದದ ಮೇಲಿನ ಲೆಕ್ಕ, ಜೀವಂತ ಮನುಷ್ಯರ ಕುತ್ತಿಗೆಗೆ ತಕ್ಕಡಿ ಕಟ್ಟಿ ಅಳೆದದ್ದಲ್ಲ. ಆದರೂ ಭಾರ ಎತ್ತ ಕಡೆ ಏರುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಮೊಬೈಲಿನಲ್ಲಿ ಮುಖ ಹುದುಗಿಸಿ ಕೂರುವ ನಿಮಗೆ ಮನೆಯಲ್ಲಿ ಬೈಗುಳ ಬೀಳುವುದೂ ಇದೇ ಕಾರಣಕ್ಕೆ. ಆದರೆ ನಿಮಗೆ ಬೇಸರವಾದಾಗ ಮೊಬೈಲು ಕೆಳಗಿಡಬಹುದು. ಅರ್ಧ ಕೊರೆದ ಹಲ್ಲನ್ನು ದಂತವೈದ್ಯರು ಕೆಳಗಿಡಲಾರರು.

ದಂತವೈದ್ಯರ ಮಾತು ಬಂತು. ನನ್ನ ತಂಗಿಯ ಮಗಳು ಸಂಭಾಜಿನಗರದಲ್ಲಿ ಹಲ್ಲಿನ ವೈದ್ಯಕೀಯ ಓದುತ್ತಿದ್ದಾಳೆ. ಇನ್ನೂ ಮೂವತ್ತು ದಾಟಿಲ್ಲ, ಆಗಲೇ ರಾತ್ರಿ ಬಿಸಿನೀರಿನ ಚೀಲ ಇಲ್ಲದೆ ನಿದ್ದೆ ಬರುವುದಿಲ್ಲ. ಅವಳನ್ನು ಕೇಳಿದೆ, “ಯಾಕೆ ಮಗಾ, ನೀನೇನು ಮೂಟೆ ಹೊರುತ್ತೀಯಾ?” ಅವಳು ಹೇಳಿದಳು: “ದೊಡ್ಡಮ್ಮಾ, ಹೊರದೇ ಇರೋದೇ ತೊಂದರೆ. ಮೂಟೆ ಹೊತ್ತವನು ಇಳಿಸ್ತಾನೆ. ನಾನು ಮುಕ್ಕಾಲು ಗಂಟೆ ಕತ್ತು ಬಗ್ಗಿಸಿ, ಒಂದು ಕಡೆ ವಾಲಿಸಿ, ಎರಡೂ ತೋಳು ಎತ್ತಿ ಅಲ್ಲಾಡದೆ ನಿಂತಿರಬೇಕು.” ಬಾಯಿ ಎಂಬುದು ಎಷ್ಟು ಸಣ್ಣ ಗವಿ ನೋಡಿ. ಅದರ ಮೂಲೆಯ ದವಡೆ ಹಲ್ಲಿನ ಹಿಂಬದಿಯನ್ನು ನೋಡಬೇಕೆಂದರೆ ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವುದನ್ನು ಕಲಿಯಬೇಕು, ಇಲ್ಲವೇ ಕುತ್ತಿಗೆಯನ್ನೇ ತಿರುಚಬೇಕು. ಕನ್ನಡಿಯ ಅಭ್ಯಾಸಕ್ಕೆ ತಾಳ್ಮೆ ಬೇಕು, ಹೊರಗೆ ರೋಗಿಗಳ ಸಾಲು ಕಾಯುತ್ತಿರುತ್ತದೆ. ಆದ್ದರಿಂದ ಕುತ್ತಿಗೆಯೇ ತಿರುಗುತ್ತದೆ. ಪಾಶ್ಚಾತ್ಯ ದೇಶಗಳ ದಂತವೈದ್ಯ ಸಿಬ್ಬಂದಿಯ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕುತ್ತಿಗೆ ನೋವಿನವರ ಪ್ರಮಾಣ ಶೇ. 58.5. ಸೊಂಟ ನೋವನ್ನೂ ಅದು ಮೀರಿಸಿತ್ತು. ಕುರ್ಚಿ, ದೀಪ, ಸಹಾಯಕಿ ಎಲ್ಲವೂ ಇರುವ ದೇಶಗಳ ಸ್ಥಿತಿಯೇ ಇದು!

ನರ್ಸ್‌ಗಳ ಬಗ್ಗೆಯೂ ಇಂಥ ಒಟ್ಟು ಲೆಕ್ಕ 2015ರಲ್ಲಿ ಬಂದಿದೆ. ಒಂದು ವರ್ಷದ ಅವಧಿಯಲ್ಲಿ ಸೊಂಟ ನೋವು ಕಂಡವರು ಸರಾಸರಿ ಶೇ. 55, ಹೆಗಲು ನೋವಿನವರು ಶೇ. 44, ಕುತ್ತಿಗೆ ನೋವಿನವರು ಶೇ. 42. ಅಂದರೆ ನೀವು ವಾರ್ಡಿನಲ್ಲಿ ನೋಡುವ ಐವರಲ್ಲಿ ಇಬ್ಬರು ಎಂದು ಹಿಡಿಯಿರಿ. ಇಡೀ ಜಗತ್ತಿನಲ್ಲಿ 2020ರಲ್ಲಿ ಕುತ್ತಿಗೆ ನೋವಿನಿಂದ ನರಳಿದವರು ಸುಮಾರು 20 ಕೋಟಿ 30 ಲಕ್ಷ ಎಂದು ಅಂದಾಜು, ಅದರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ನರ್ಸಿಂಗ್ ಬಹುಪಾಲು ಹೆಂಗಸರ ಕೆಲಸ. ಮನೆಗೆ ಬಂದ ಮೇಲೆ ಅಡಿಗೆಮನೆ ಎಂಬ ಎರಡನೆಯ ಪಾಳಿಯೂ ಅವರದೇ. ಭಾಕರಿ ತಟ್ಟುವಾಗ, ತರಕಾರಿ ಹೆಚ್ಚುವಾಗ, ಮಗುವಿನ ಹೋಂವರ್ಕ್ ನೋಡುವಾಗ ಅದೇ ಕುತ್ತಿಗೆ ಅದೇ ಕೋನಕ್ಕೆ ಬಾಗುತ್ತದೆ. ಗೃಹಿಣಿಯಾದ ನನಗೆ ಇದನ್ನು ತಿಳಿಯಲು ಯಾವ ವರದಿಯೂ ಬೇಕಿಲ್ಲ.

ಆಸ್ಪತ್ರೆಯೊಳಗೆ ಇನ್ನೂ ಎಷ್ಟೋ ಕುತ್ತಿಗೆಗಳಿವೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವ ಲ್ಯಾಬಿನವರು, ಒಂದು ಕೈಯನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ಮುಖವನ್ನು ಪರದೆಯತ್ತ ತಿರುಗಿಸಿಕೊಂಡೇ ಇರುವ ಸೋನೋಗ್ರಫಿಯವರು. ಹೃದಯದ ನಾಳಕ್ಕೆ ಬಲೂನು ಹಾಕುವ ವೈದ್ಯರು ಕ್ಷಕಿರಣ ತಾಗದಂತೆ ಕಿಲೋಗಟ್ಟಲೆ ತೂಕದ ಸೀಸದ ಮೇಲಂಗಿ ತೊಟ್ಟು ಗಂಟೆಗಟ್ಟಲೆ ನಿಲ್ಲುತ್ತಾರೆ. ಅವರ ಬೆನ್ನುಹುರಿಯ ತೊಂದರೆ ಎಷ್ಟು ಸಾಮಾನ್ಯವೆಂದರೆ, 1997ರಲ್ಲಿ ಅಮೆರಿಕದ ವೈದ್ಯರು ಅದಕ್ಕೆ ಅವರ ಕೆಲಸದ ಹೆಸರಿನಲ್ಲೇ ಒಂದು ಕಾಯಿಲೆಯ ಹೆಸರು ಕೊಟ್ಟರು. ದೊಡ್ಡ ಡಾಕ್ಟರರಿಗೆ ನೋವು ಬಂದರೆ ಅದಕ್ಕೊಂದು ನಾಮಕರಣವಾಗುತ್ತದೆ. ನಮ್ಮ ಆಸ್ಪತ್ರೆಗಳ ‘ಮಾವಶಿ’ಗೆ, ‘ಮಾಮಾ’ಗೆ ಬಂದರೆ “ವಯಸ್ಸಾಯ್ತು” ಎನ್ನುತ್ತಾರೆ. ಹಾಸಿಗೆ ಬದಲಿಸುವ, ಸ್ಟ್ರೆಚರ್ ತಳ್ಳುವ, ನೆಲ ಒರೆಸುವ ಈ ಮಾವಶಿ-ಮಾಮಾಗಳ ಕುತ್ತಿಗೆಯನ್ನು ಅಳೆದವರು ತೀರ ಕಡಿಮೆ.

ಹಳ್ಳಿಯ ಕಡೆಗೆ ಹೋದರೆ ಆಶಾ ಕಾರ್ಯಕರ್ತೆಯರು. 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದವರು ಇವರು. ಇಗತಪುರಿ, ಪೇಠ್, ಸುರಗಾಣಾದ ಗುಡ್ಡದ ಹಾದಿಗಳಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ನಡೆಯುತ್ತಾರೆ, ಯಾರದೋ ಮನೆಯ ನೆಲದ ಮೇಲೆ ಕುಳಿತು ತೊಡೆಯ ಮೇಲೆ ರಿಜಿಸ್ಟರ್ ಇಟ್ಟು ಬರೆಯುತ್ತಾರೆ, ಅದನ್ನೇ ಮತ್ತೆ ಮೊಬೈಲಿಗೂ ತುಂಬುತ್ತಾರೆ. ಕಾಗದ, ಮೊಬೈಲು ಎರಡಕ್ಕೂ ಕುತ್ತಿಗೆ ಒಂದೇ.

ನೋವು ಬೇರೆ, ಅಶಕ್ತತೆ ಬೇರೆ ಎಂಬ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ‘ಅಂಗವೈಕಲ್ಯ’ ಎಂದರೆ ನಮ್ಮ ಕಣ್ಣಿಗೆ ಊರುಗೋಲು, ಗಾಲಿಕುರ್ಚಿ ಬರುತ್ತವೆ. ಕುತ್ತಿಗೆಯದು ಹಾಗಲ್ಲ, ಅದು ಯಾರ ಕಣ್ಣಿಗೂ ಬೀಳದು. ಇದನ್ನು ಅಳೆಯಲೆಂದೇ ಕೆನಡಾದಲ್ಲಿ ವರ್ನನ್ ಮತ್ತು ಮಯರ್ ಎಂಬ ಇಬ್ಬರು 1991ರಲ್ಲಿ ‘ನೆಕ್ ಡಿಸೆಬಿಲಿಟಿ ಇಂಡೆಕ್ಸ್’ ಎಂಬ ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ 10 ಪ್ರಶ್ನೆಗಳು: ನೋವು ಎಷ್ಟಿದೆ, ಸ್ನಾನ-ಉಡುಗೆ ನೀವೇ ಮಾಡಿಕೊಳ್ಳಬಲ್ಲಿರಾ, ಭಾರ ಎತ್ತಬಲ್ಲಿರಾ, ಓದಬಲ್ಲಿರಾ, ತಲೆನೋವು ಬರುತ್ತದೆಯೇ, ಗಮನವಿಟ್ಟು ಯೋಚಿಸಬಲ್ಲಿರಾ, ಕೆಲಸ, ವಾಹನ ಓಡಿಸುವುದು, ನಿದ್ದೆ, ಕೊನೆಗೆ ಮನರಂಜನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 5 ಅಂಕ, ಒಟ್ಟು 50. ಪರೀಕ್ಷೆಯಂತಲ್ಲ, ಇಲ್ಲಿ ಅಂಕ ಹೆಚ್ಚಾದಷ್ಟೂ ಕಷ್ಟ. 4ರವರೆಗೆ ಚಿಂತೆಯಿಲ್ಲ, 5ರಿಂದ 14 ಅಲ್ಪ, 15ರಿಂದ 24 ಮಧ್ಯಮ, ಅದರಾಚೆ ತೀವ್ರ.

ನಾನು ಈ ಪ್ರಶ್ನೆಗಳನ್ನು ಬೀದರ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮನರಂಜನೆಯ ಪ್ರಶ್ನೆಗೆ ಬಂದಾಗ ಅವರು ಜೋರಾಗಿ ನಕ್ಕುಬಿಟ್ಟರು. “ಅದು ಯಾವಾಗಿತ್ತು?” ಎಂದರು. ನನಗೆ ಅನ್ನಿಸುವುದೆಂದರೆ, ಈ ಪ್ರಶ್ನಾವಳಿ ಒಳ್ಳೆಯದೇ, ಆದರೆ ನಮ್ಮ ಬದುಕಿಗೆ ಪೂರ್ತಿ ಒಗ್ಗಿದ್ದಲ್ಲ. ಮೇಲಿನ ಗೂಡಿನಿಂದ ಡಬ್ಬಿ ತೆಗೆಯಬಲ್ಲಿರಾ, ಕೊಡ ಎತ್ತಬಲ್ಲಿರಾ, ಕೂಸನ್ನು ಕಂಕುಳಲ್ಲಿ ಇಟ್ಟುಕೊಳ್ಳಬಲ್ಲಿರಾ, ತಲೆ ಬಾಚಿ ಜಡೆ ಹಾಕಿಕೊಳ್ಳಬಲ್ಲಿರಾ ಎಂದು ಅದು ಕೇಳುವುದಿಲ್ಲ. ಅಕ್ಕ ಜಡೆ ಹಾಕುವುದನ್ನು ಬಿಟ್ಟು ಕೂದಲು ಕತ್ತರಿಸಿಕೊಂಡಿದ್ದಾರೆ. ಓಣಿಯವರು ಅದನ್ನು ಫ್ಯಾಶನ್ ಎಂದುಕೊಂಡರು. ನಿಮ್ಮಲ್ಲಿ ಫಿಸಿಯೋಥೆರಪಿ ಓದುವವರು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ನಮ್ಮ ಹೆಂಗಸರ ದಿನಚರಿಗೆ ಒಗ್ಗುವ ಇಂಥ ಪ್ರಶ್ನೆಗಳನ್ನು ಬರೆದು ಪರೀಕ್ಷಿಸಿ ನೋಡಬಾರದೇಕೆ? ಅಕ್ಕನನ್ನು ನಾನೇ ಪರಿಚಯ ಮಾಡಿಸುತ್ತೇನೆ.

ಈಗ ಒಂದು ಹಳೆಯ ನೋವಿನ ಕತೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಹತ್ತಿರದ ಹಳದೀಪುರದಿಂದ ನರ್ಸ್ ಆಗಲು ಮುಂಬಯಿಗೆ ಬಂದ ಹುಡುಗಿ ಅರುಣಾ ಶಾನಭಾಗ. ಕೆ.ಇ.ಎಂ. ಆಸ್ಪತ್ರೆಯಲ್ಲಿ 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬ ಆಕೆಯ ಕೊರಳಿಗೆ ನಾಯಿಯ ಸರಪಳಿ ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ರಕ್ತ ನಿಂತು ಹೋಗಿ, ಆಕೆ ಮತ್ತೆ ಎಚ್ಚರದ ಬದುಕಿಗೆ ಬರಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ಸಿಸ್ಟರ್‌ಗಳು ಆಕೆಯನ್ನು ನೋಡಿಕೊಂಡರು. ದಯಾಮರಣದ ಮೊಕದ್ದಮೆಯಲ್ಲಿ 2011ರ ಮಾರ್ಚ್ 7ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಇಷ್ಟು ವರ್ಷ ಮಲಗಿದ್ದರೂ ಆಕೆಯ ಮೈಯಲ್ಲಿ ಒಂದೂ ಹಾಸಿಗೆ ಹುಣ್ಣು ಆಗದಂತೆ ನೋಡಿಕೊಂಡದ್ದನ್ನು ಮನಸಾರೆ ಮೆಚ್ಚಿತು.

ಈ ಕತೆಯನ್ನು ಎಲ್ಲರೂ ಬೇರೆ ಬೇರೆ ಕಾರಣಕ್ಕೆ ನೆನೆಯುತ್ತಾರೆ. ನಾನು ಇಲ್ಲಿ ಹೇಳಿದ್ದು ಆ ಹಾಸಿಗೆ ಹುಣ್ಣಿನ ಮಾತಿಗಾಗಿ. ಹುಣ್ಣು ಆಗಬಾರದೆಂದರೆ ಏಳಲಾರದ ರೋಗಿಯನ್ನು ಎರಡೆರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕೆಂಬುದು ಶುಶ್ರೂಷೆಯ ಹಳೆಯ ನಿಯಮ. ಎಡದಿಂದ ಬಲಕ್ಕೆ, ಬಲದಿಂದ ಬೆನ್ನಿಗೆ, ಹಗಲೂ ರಾತ್ರಿ, 42 ವರ್ಷ! ತೀರ್ಪಿನಲ್ಲಿ ಬಂದ ಆ ಒಂದು ವಾಕ್ಯದ ಹಿಂದೆ ಎಷ್ಟು ಜನರ ಸೊಂಟ, ಹೆಗಲು, ಕುತ್ತಿಗೆ ಸವೆದಿರಬಹುದು, ನೀವೇ ಲೆಕ್ಕ ಹಾಕಿ. ಕೋವಿಡ್ ಕಾಲದಲ್ಲೂ ಇದೇ ಆಯಿತು. ಉಸಿರು ಸಿಗಲೆಂದು ರೋಗಿಗಳನ್ನು ಬೋರಲು ಮಲಗಿಸಬೇಕಾಗಿತ್ತು. ಕೊಳವೆ ಹಾಕಿದ, ಪ್ರಜ್ಞೆಯಿಲ್ಲದ ಭಾರಿ ಮೈಯನ್ನು ಪ್ಲಾಸ್ಟಿಕ್ ನಿಲುವಂಗಿಯೊಳಗೆ ಬೆವರುತ್ತಾ ನಾಲ್ಕೈದು ಜನ ಸೇರಿ ಮಗುಚುತ್ತಿದ್ದರು. ನಾವು ಬಾಲ್ಕನಿಯಲ್ಲಿ ತಟ್ಟೆ ಬಡಿದೆವು.

ಎಷ್ಟು ಭಾರ ಎತ್ತಬಹುದು ಎಂಬುದಕ್ಕೆ ಲೆಕ್ಕವಿಲ್ಲವೇ? ಇದೆ. ಥಾಮಸ್ ವಾಟರ್ಸ್ ಎಂಬ ಅಮೆರಿಕದ ಸಂಶೋಧಕರು 2007ರಲ್ಲಿ ಹೇಳಿದಂತೆ, ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿಗೆ ಸುಮಾರು 16 ಕಿಲೋ ಮೀರಬಾರದು. ಪೆಟ್ಟಿಗೆಗೆ ಇದಕ್ಕಿಂತ ಹೆಚ್ಚು ಒಪ್ಪುತ್ತಾರೆ, ಏಕೆಂದರೆ ಪೆಟ್ಟಿಗೆ ಒದ್ದಾಡುವುದಿಲ್ಲ, ಜಾರುವುದಿಲ್ಲ, ಕುತ್ತಿಗೆಗೆ ಜೋತು ಬೀಳುವುದಿಲ್ಲ. ಒಬ್ಬ ಸಾಧಾರಣ ಮನುಷ್ಯನ ಒಂದು ಕಾಲಿನ ತೂಕಕ್ಕಿಂತ ಇದೇನೂ ಬಹಳ ಹೆಚ್ಚಲ್ಲ! ಬ್ರಿಟನ್ನಿನಲ್ಲಿ 1992ರಲ್ಲೇ ಕೈಯಿಂದ ಭಾರ ಎತ್ತುವುದಕ್ಕೆ ನಿಯಮ ಮಾಡಿದರು, ಆಸ್ಪತ್ರೆಗಳೂ ಅದರೊಳಗೆ ಬಂದವು. ನಮ್ಮ ಮಹಾರಾಷ್ಟ್ರದಲ್ಲಿ ತಲೆಹೊರೆಯವರಿಗಾಗಿ 1969ರಲ್ಲೇ ಮಾಥಾಡಿ ಕಾಯಿದೆ ಬಂತು. ‘ಮಾಥಾ’ ಎಂದರೆ ತಲೆ, ತಲೆಯ ಮೇಲೆ ಹೊರುವವನು ಮಾಥಾಡಿ. ಅಣ್ಣಾಸಾಹೇಬ ಪಾಟೀಲರಂಥ ನಾಯಕರು ಹಮಾಲರನ್ನು ಸಂಘಟಿಸಿದ್ದರಿಂದ ಅವರಿಗೊಂದು ಮಂಡಳಿ, ಭವಿಷ್ಯನಿಧಿ ಎಲ್ಲ ದೊರೆತವು. ಮೂಟೆ ಹೊರುವವನ ತಲೆಗೆ ಕಾನೂನು ಇದೆ. ಮನುಷ್ಯರನ್ನು ಎತ್ತುವ ಸಿಸ್ಟರ್‌ಳ ಕುತ್ತಿಗೆಗೆ ಇಲ್ಲ. 1923ರ ಕಾರ್ಮಿಕ ಪರಿಹಾರ ಕಾಯಿದೆಗೆ ಜೋಡಿಸಿದ್ದ ವೃತ್ತಿರೋಗಗಳ ಪಟ್ಟಿಯಲ್ಲಿ ಆಸ್ಪತ್ರೆಯವರಿಗೆ ತಗಲುವ ಸೋಂಕು ರೋಗಗಳಿದ್ದವು, ಕುತ್ತಿಗೆ ನೋವು ಇರಲಿಲ್ಲ. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯೂ ಬಹುಪಾಲು ಅದನ್ನೇ ಹೋಲುತ್ತದೆ.

ಎಲ್ಲಕ್ಕಿಂತ ಮುಖ್ಯ ಕಾರಣ ಜನ ಸಾಲದಿರುವುದು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ಮುಂದಿನ ಸಲ ಯಾರನ್ನಾದರೂ ನೋಡಲು ವಾರ್ಡಿಗೆ ಹೋದಾಗ ನೀವೇ ಎಣಿಸಿ. ಅಕ್ಕ ಹೇಳುವ ಒಂದು ವಾರ್ಡಿನಲ್ಲಿ ಮಂಚಗಳ ನಡುವೆ ನೆಲದ ಮೇಲೂ ಹಾಸಿಗೆಗಳಿದ್ದವು. ನೆಲದ ರೋಗಿಗೆ ಸಲಾಯಿನ್ ಹಚ್ಚಲು ಮೊಣಕಾಲೂರಿ, ತಲೆ ನೆಲಕ್ಕೆ ತಾಗುವಷ್ಟು ಬಗ್ಗಬೇಕಿತ್ತು. ಮಂಚ ಮೇಲೇರಿಸುವ ಹಿಡಿಕೆಗಳು ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಮೇಲಿನವರಿಗೆ ಬರೆದು ಕೊಟ್ಟರೆ ಉತ್ತರ ಬರಲಿಲ್ಲ. ನೋವಿಗೆ ರಜೆ ಕೇಳಿದರೆ “ಎಲ್ಲರಿಗೂ ನೋಯುತ್ತೆ ಸಿಸ್ಟರ್” ಎಂಬ ಮಾತು. ಅದು ನಿಜವೂ ಹೌದು, ಎಲ್ಲರಿಗೂ ನೋಯುತ್ತಿತ್ತು!

ಕೆಲಸವೇ ರೋಗ ತರುತ್ತದೆ ಎಂಬ ವಿಚಾರ ಹೊಸದಲ್ಲ. ಇಟಲಿಯ ಬರ್ನಾರ್ದಿನೋ ರಾಮಾಜಿನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ರೋಗಗಳ ಬಗ್ಗೆ ಪುಸ್ತಕ ಬರೆದ. ರೋಗಿಯನ್ನು ನೋಡುವಾಗ “ನಿನ್ನ ಕೆಲಸವೇನು?” ಎಂಬ ಪ್ರಶ್ನೆಯನ್ನೂ ಸೇರಿಸಿ ಎಂದು ವೈದ್ಯರಿಗೆ ಹೇಳಿದವನು ಅವನು. ಅದಕ್ಕೂ ಮುಂಚೆ, ಛಾವಣಿಯ ಚಿತ್ರ ಬರೆಯುತ್ತಾ ತನ್ನ ಮೈ ಹೇಗೆ ಸೊಟ್ಟಗಾಯಿತೆಂದು ಮೈಕೆಲೇಂಜೆಲೋ ಪದ್ಯದಲ್ಲೇ ಗೋಳು ತೋಡಿಕೊಂಡಿದ್ದಾನೆ. ನಮ್ಮ ಅಜಂತಾದ ಛಾವಣಿಗಳನ್ನು ನೋಡಿದಾಗ ನನಗೆ ಬಣ್ಣದ ಜೊತೆ ಆ ಅನಾಮಧೇಯ ಚಿತ್ರಕಾರರ ಕುತ್ತಿಗೆಯೂ ನೆನಪಾಗುತ್ತದೆ. ಇರಲಿ, ಮಾತು ಎಲ್ಲಿಗೋ ಹೋಯಿತು.

ಇಷ್ಟೆಲ್ಲ ಕೇಳಿ ಈ ದಾರಿಯೇ ಬೇಡ ಎಂದುಕೊಳ್ಳಬೇಡಿ. ಬಹುಪಾಲು ಕುತ್ತಿಗೆ ನೋವು ಸ್ನಾಯು-ಕೀಲುಗಳದ್ದು, ಸರಿಯಾಗಿ ನೋಡಿಕೊಂಡರೆ ತಗ್ಗುತ್ತದೆ. ಎಕ್ಸ್‌ರೇಯಲ್ಲಿ ‘ಮೂಳೆ ಸವೆದಿದೆ’ ಎಂದು ಬಂದೊಡನೆ ಹೆದರಬೇಕಿಲ್ಲ, ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದು ಕಾಣುತ್ತದೆ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ತಿರುಗುವುದು ಒಳ್ಳೆಯದಲ್ಲ, ಸ್ನಾಯುಗಳು ಇನ್ನಷ್ಟು ಸೋಮಾರಿಯಾಗುತ್ತವೆ. ನೋವಿನ ಎಣ್ಣೆ, ಮುಲಾಮು ಆ ರಾತ್ರಿಗೆ ಸರಿ. ದಿನಾ ಗುಳಿಗೆ ನುಂಗುವ ಚಟ ಮಾತ್ರ ಆಸ್ಪತ್ರೆಯವರಲ್ಲೇ ಹೆಚ್ಚು, ಏಕೆಂದರೆ ಔಷಧದ ಕಪಾಟು ಅವರ ಕೈಗೇ ಸಿಗುತ್ತದೆ. ನನ್ನ ತಂಗಿಯ ಮಗಳಿಗೂ ಇದಕ್ಕಾಗಿ ಬೈದಿದ್ದೇನೆ. ನಿಜವಾಗಿ ಗುಣ ಕೊಡುವುದು ನಿಧಾನವಾದ ವ್ಯಾಯಾಮ. ನೆಟ್ಟಗೆ ಕುಳಿತು ಗದ್ದವನ್ನು ಹಿಂದಕ್ಕೆ ಎಳೆದು ಐದೆಣಿಸುವುದು, ಎರಡೂ ಹೆಗಲ ಹಲಗೆಗಳನ್ನು ಬೆನ್ನ ನಡುವೆ ಒಂದಕ್ಕೊಂದು ಸೇರಿಸಿ ಬಿಡುವುದು, ಅಂಗೈಯನ್ನು ಹಣೆಗೆ ಒತ್ತಿ ತಲೆ ಅಲುಗದಂತೆ ತಡೆಯುವುದು. ಬೀದರ ಅಕ್ಕ ಈಗ ಟಿ.ವಿ. ಧಾರಾವಾಹಿಯ ಜಾಹೀರಾತು ಬಂದಾಗಲೆಲ್ಲ ಇದನ್ನು ಮಾಡುತ್ತಾರೆ. ಜಾಹೀರಾತುಗಳಿಂದ ಉಪಯೋಗವಾದದ್ದನ್ನು ನಾನು ನೋಡಿದ್ದು ಇದೊಂದೇ ಕಡೆ. ಆದರೆ ಕೈಯ ಹಿಡಿತ ಸಡಿಲವಾದರೆ, ಗುಂಡಿ ಹಾಕಲು ಬಾರದಾದರೆ, ನಡಿಗೆ ತತ್ತರಿಸಿದರೆ, ಮೂತ್ರದ ಮೇಲೆ ಹತೋಟಿ ತಪ್ಪಿದರೆ ವ್ಯಾಯಾಮವಲ್ಲ, ತಡಮಾಡದೆ ವೈದ್ಯರು.

ದಂತವೈದ್ಯ ವಿದ್ಯಾರ್ಥಿಗಳೇ, ಮೊದಲ ವರ್ಷದಿಂದಲೇ ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವ ರೂಢಿ ಹಚ್ಚಿಕೊಳ್ಳಿ, ರೋಗಿಯ ಕುರ್ಚಿಯನ್ನು ನಿಮ್ಮ ಎತ್ತರಕ್ಕೆ ತನ್ನಿ. ಕಣ್ಣಿಗೆ ಹಾಕುವ ಲೂಪ್ಸ್ ಕೊಳ್ಳುವಾಗ ಅದರ ಕೋನ ನಿಮ್ಮ ಮುಖಕ್ಕೆ ಅಳೆದು ಮಾಡಿಸಿದ್ದಾಗಿರಲಿ, ಗೆಳತಿಯ ಹಳೆಯದು ಬೇಡ. ನರ್ಸಿಂಗಿನವರೇ, ಒಬ್ಬಳೇ ಎತ್ತಲಾರೆ ಎಂದು ಹೇಳುವುದಕ್ಕೆ ನಾಚಬೇಡಿ. ಇಂಜಿನಿಯರಿಂಗ್ ಓದಿ ಸಾತಪೂರ, ವಾಳೂಜಿನಲ್ಲಿ ಕೆಲಸ ಮಾಡುವವರಿಗೂ ನನ್ನದೊಂದು ಕೆಲಸವಿದೆ. ರೋಗಿಯ ಕೆಳಗೆ ಹಾಸಿ ಜಾರಿಸುವ ನುಣುಪು ಹಾಳೆಗಳು ವಿದೇಶಗಳ ಆಸ್ಪತ್ರೆಗಳಲ್ಲಿ ಮಾಮೂಲು. ಎರಡು ಪದರದ ನೈಲಾನ್ ಬಟ್ಟೆ, ಹಿಡಿಯಲು ನಾಲ್ಕು ಕಿವಿ, ಅಷ್ಟೇ. ಎತ್ತುವುದು ತಪ್ಪಿ ಎಳೆಯುವುದಾಗುತ್ತದೆ. ಮೋಟಾರು ಬಂಡಿಯ ಬಿಡಿಭಾಗ ಮಾಡುವ ನಿಮ್ಮ ಕೈಗೆ ತುಕ್ಕು ಹಿಡಿಯದ ಮಂಚದ ಹಿಡಿಕೆ ದೊಡ್ಡ ವಿಷಯವೇ?

ಇನ್ನುಳಿದವರು ನಾವು ರೋಗಿಯ ಮನೆಯವರು. ಅಜ್ಜನನ್ನು ಎಬ್ಬಿಸಿ ಕೂರಿಸಬೇಕಾದಾಗ ಸಿಸ್ಟರ್ ಬರುವುದಕ್ಕೆ ಮುಂಚೆಯೇ ಮಂಚದ ಕಾಲಬುಡದಲ್ಲಿ ಮಡಚಿಟ್ಟ ಹಿಡಿಕೆಯನ್ನು ಹೊರಗೆಳೆದು, ಕೇಳಿಕೊಂಡು, ತಲೆಯ ಭಾಗವನ್ನು ಏರಿಸಿ. ಅಜ್ಜನಿಗೆ ಮೊಣಕಾಲು ಮಡಚಿ ಒಂದು ಮಗ್ಗಲಾಗಲು ಹೇಳಿ, ಕಾಲು ಮಂಚದಿಂದ ಕೆಳಗಿಳಿಯುವಾಗ ಮೊಣಕೈಯೂರಿ ಏಳಲು ಹೇಳಿ. ಶಸ್ತ್ರಚಿಕಿತ್ಸೆ ಆದವರಿಗಾದರೆ ಸಿಸ್ಟರನ್ನು ಕೇಳದೆ ಏನೂ ಮಾಡಬೇಡಿ. ಇನ್ನೊಂದು ಬದಿಗೆ ನೀವು ನಿಲ್ಲಿ. ಅಜ್ಜ ಅಭ್ಯಾಸಬಲದಿಂದ ಸಿಸ್ಟರ್ ಕೊರಳಿಗೆ ಕೈ ಚಾಚಿಯೇ ಚಾಚುತ್ತಾರೆ. ಆ ಕೈಯನ್ನು ಮೆಲ್ಲಗೆ ಹಿಡಿದು ಮಂಚದ ಕಂಬಿಯ ಮೇಲಿಡಿ.